ಹದಿನಾರನೆಯ ಪುಟ

ದುರ್ಗಿಗುಡಿಯ ಅಡ್ಡರಸ್ತೆ, ಸೈಕಲ್ ಶಾಪಿನ ಮಗ್ಗುಲಿಗೆ
ತಿರುಮಲೇಶಯ್ಯನವರ ಪ್ರೆಸ್ಸು.
ಎಂಟನೇ ಕ್ಲಾಸಿನ ಬೇಸಿಗೆ ರಜೆ, ನನ್ನ ಕೆಲಸ ಹಾಳೆ ಮಡಿಸುವುದು.
ಹಾಳೆಗೆ ಎರಡು ಮುಖ,
ಮಡಿಸಿದರೆ ನಾಲ್ಕು ಪುಟ, ಮತ್ತೆ ಮಡಿಸಿದರೆ ಎಂಟು,
ಮತ್ತೊಮ್ಮೆ, ಹದಿನಾರು.
ಅಲ್ಲಿಂದಾಚೆ ಬೆರಳು ಒಪ್ಪಿದರೂ ಕಾಗದ ಒಪ್ಪದು.

ಮೊಳೆ ಜೋಡಿಸುವವರು ಸಿಸಿಲಿಯಮ್ಮ.
ಮೂವತ್ತು ವರ್ಷ ಬಲದಿಂದ ಎಡಕ್ಕೆ ಓದಿ ಓದಿ
ಸಾಗರದ ಬಸ್ಸಿನ ಬೋರ್ಡಿಗೂ ಒಂದು ಗಳಿಗೆ ತಡವರಿಸುವವರು.
‘ಸೀಸದಲ್ಲಿ ಎಲ್ಲಾ ಉಲ್ಟಾ ಮಗಾ.
ಸೊನ್ನೆ, ನಾಲ್ಕು, ಇವೆರಡೇ ಮರ್ಯಾದಸ್ಥರು;
ಯಾವ ಕಡೆಯಿಂದ ಹೋದರೂ ಅದೇ ಮುಖ.’

ಆ ವರ್ಷ ಸಹಕಾರ ಸಂಘದ ವರದಿಯಲ್ಲಿ
ಹದಿನೈದರ ಬೆನ್ನಿಗೇ ಅರವತ್ತೊಂದು ಬಂತು.
ಐನೂರು ಪ್ರತಿ. ಹೊಲಿಗೆಯೂ ಮುಗಿದಿತ್ತು.
ತಿರುಮಲೇಶಯ್ಯ ಬಯ್ಯಲಿಲ್ಲ,
ಸಂಬಳದಲ್ಲಿ ಎರಡು ರೂಪಾಯಿ ಮುರಿದುಕೊಂಡರು.

ಕರೆಂಟು ಹೋದ ಮಧ್ಯಾಹ್ನ
ನಾನು ಆ ಅರವತ್ತೊಂದನ್ನು ಮಡಿಸಲು ನೋಡಿದೆ.
ಎರಡಕ್ಕೆ ಬಗ್ಗಲಿಲ್ಲ, ಮೂರಕ್ಕೆ, ಐದಕ್ಕೆ, ಏಳಕ್ಕೆ
ಊಹೂಂ.
ಹದಿನಾರು ಯಾರು ಕೇಳಿದರೂ ಅರ್ಧ ಮುರಿದು ಕೊಡುವ ಪುಣ್ಯಾತ್ಮ.
ತಿರುಗಿ ನಿಂತದ್ದೇ ಗಂಟುಮೋರೆ,
ಒಂದು ಚೂರೂ ಬಿಟ್ಟುಕೊಡದು.

ಹಿಡಿಯಿತು ಗೀಳು.
ಪ್ರೂಫಿನ ಅಂಚಿನಲ್ಲೆಲ್ಲ ಎರಡರ ಘಾತಗಳು, ಅವುಗಳ ಬೆನ್ನು:
೩೨ ತಿರುಗಿ ೨೩, ಗಟ್ಟಿ.
೬೪ ತಿರುಗಿಯೂ ಸೌಮ್ಯ, ೪೬.
೧೨೮ ತಿರುಗಿ ೮೨೧, ಗಟ್ಟಿಯೋ ಗಟ್ಟಿ.
ಆಮೇಲಿನ ಎರಡು ಕೈಕೊಟ್ಟವು.
೧೦೨೪ಕ್ಕೆ ನಾನೂ ಸಿಸಿಲಿಯಮ್ಮನೂ ಕೂತು
೪೨೦೧ರ ಬಾಗಿಲು ಬಡಿದೆವು:
ಹದಿಮೂರು, ಹದಿನೇಳು, ಹತ್ತೊಂಬತ್ತು,
ಮೂರಕ್ಕೂ ಉಳಿದದ್ದು ಎರಡೇ.
‘ನನ್ನ ಎರಡು ರೂಪಾಯಿ’ ಎಂದು ನಕ್ಕರು.
ಅರವತ್ತೊಂದರ ತನಕ ಬಡಿದೆವು. ತೆರೆಯಲಿಲ್ಲ.

ಮೂರರ ಮನೆತನವನ್ನೂ ನೋಡಿದೆವು, ೨೭, ೮೧, ೨೪೩,
ಹೇಗೆ ಹೊರಳಿಸಿದರೂ ಅಂಕಿ ಕೂಡಿದರೆ ಒಂಬತ್ತು;
ಮಗ್ಗುಲು ಬದಲಿಸಿದ ಮಾತ್ರಕ್ಕೆ ಗುಣ ಹೋಗುತ್ತದೆಯೇ?
ಹತ್ತರದಂತೂ ಕೇಳಬೇಡಿ.
ಸಾವಿರವನ್ನು ತಿರುಗಿಸಿದರೆ
ಮುಂದೆ ಬಂದ ಸೊನ್ನೆಗಳು ನಾಚಿ ಉದುರಿ
ಬರೀ ಒಂದು. ಅದು ಯಾವ ಲೆಕ್ಕಕ್ಕೂ ಇಲ್ಲ.

ರಜೆಯ ಕೊನೆಯ ವಾರ ಇಪ್ಪತ್ತನಾಲ್ಕನೆಯ ಘಾತ ಮುಟ್ಟಿದೆ:
೧೬೭೭೭೨೧೬.
ಎರಡೂ ತುದಿಗೆ ಹದಿನಾರು!
ತಿರುಗಿಸಿದರೆ ಎರಡೂ ತುದಿಗೆ ಆ ತಪ್ಪು.
ಸಿಸಿಲಿಯಮ್ಮ ಕನ್ನಡಕ ಒರೆಸಿಕೊಂಡು
ಸ್ಟಿಕ್ಕಿಗೆ ಒಂದೊಂದೇ ಮೊಳೆ ಇಟ್ಟರು.
ಏಳರ ಮನೆಯಲ್ಲಿ ಎರಡೇ ಉಳಿದಿದ್ದವು;
ಮಿಕ್ಕವೆಲ್ಲ ಗಾಡಿಕೊಪ್ಪದ ಅಕ್ಕಿ ಗಿರಣಿಯ
ಫೋನ್ ನಂಬರಿನಲ್ಲಿ ಬಂದಿ.
ಮೂರನೆಯ ಏಳಿಗೆ ಬೇರೆ ಯಾವುದೋ ಮೊಳೆಯನ್ನು
ತಲೆಕೆಳಗು ನಿಲ್ಲಿಸಿದರು, ಕಸುಬಿನ ಪದ್ಧತಿ:
ಇಲ್ಲದ್ದರ ಜಾಗದಲ್ಲಿ ಎರಡು ಕರಿ ಗೆರೆ ಬೀಳಲಿ ಎಂದು.

ಭಾಗಿಸುತ್ತ ಹೋದೆ. ಇನ್ನೂರ ಹನ್ನೊಂದಕ್ಕೆ ಬಂದಾಗ
ಸ್ಕೂಲು ಶುರುವಾಯಿತು.
ಹೋಗಬೇಕಿದ್ದದ್ದು ಏಳು ಸಾವಿರದ ಎಂಟುನೂರರ ತನಕ.

ಮೊನ್ನೆ ಮಗಳ ಫೋನಿಗೆ ಕೇಳಿದೆ.
ರೆಪ್ಪೆ ಬಡಿಯುವಷ್ಟರಲ್ಲಿ ಅಂದಿತು: ಅವಿಭಾಜ್ಯ.
ಇಂಥವು ಎಷ್ಟಿವೆ, ಎಲ್ಲಾದರೂ ಮುಗಿಯುತ್ತವೆಯೇ ಎಂದರೆ
ಯಾರಿಗೂ ಗೊತ್ತಿಲ್ಲವಂತೆ.
ಪ್ರೂಫಿನ ಚೂರು ಇನ್ನೂ ಇದೆ,
ವರದಿಯ ಹದಿನೈದಕ್ಕೂ ಹದಿನೇಳಕ್ಕೂ ನಡುವೆ.
ಆ ಎರಡು ಕರಿ ಗೆರೆಯ ಮೇಲೆ
ಪೆನ್ಸಿಲಿನಲ್ಲಿ ಏಳು ಬರೆಯೋಣವೆಂದು ಎಷ್ಟೋ ಸಲ ತೆಗೆದಿದ್ದೇನೆ.
ಬರೆದಿಲ್ಲ.